ಬಾವಿ ಬದಿಯ ಜಾಲಿ

ಕಟಿಗಿ ಕಂಡ್ರ ಬೆರಳಗೆಣ್ಣಿನಿಂದ ಬಡದು ನೋಡೂದು ನನಗೊಂದು ಚಟ ಐತ್ರಿ. ಮಂದಿ ತಪಕೀರು ಏರಸ್ತಾರ, ಎಲಿ ಅಡಿಕಿ ಮೆಲ್ತಾರ, ನಾ ಕಟಿಗಿ ಬಡೀತೇನಿ. ಯಾರ ಮನಿಗೆ ಹೋದ್ರೂ ಕುಂಡ್ರೂದಕ್ಕಿಂತ ಮೊದಲ ಬಾಗಲ ಚೌಕಟ್ಟು ಬಡದಿರತೇನಿ. ಒಳಗಿಂದ ಮನಿಯಾಕಿ, ಯಾರ್ರಿ, ಬರ್ರಿ ಒಳಗ, ಅಂತಾಳ. ನಾ ಆಗಲೇ ಒಳಗ ಬಂದು ಆಕಿ ಗಂಡನ ಮುಂದ ನಿಂತಿರತೇನಿ. ಹೋದ ತಿಂಗಳ ಧಾರವಾಡದಾಗ ಒಂದು ಸಭಾಕ್ಕ ಹೋಗಿದ್ದೆ. ಅಧ್ಯಕ್ಷರ ಭಾಷಣ ನಡದಿತ್ತು. ನನ್ನ ಕೈ ಸುಮ್ಮ ಇರಬೇಕಲ್ಲ, ಮುಂದಿನ ಟೇಬಲ್ ಮ್ಯಾಲ ಟಕ್ ಟಕ್ ಅಂತ ಎರಡು ಸಲ ಬಡದೆ. ಅವರು ಟೈಮು ಮುಗೀತು ಅಂತ ತಿಳಕೊಂಡು, ಅರ್ಧ ವಾಕ್ಯಕ್ಕ ನಿಲ್ಲಿಸಿ, ಎಲ್ಲಾರಿಗೂ ನಮಸ್ಕಾರ ಮಾಡಿ ಕುಂತಬಿಟ್ರು. ಮಂದಿ ಚಪ್ಪಾಳಿ ಹೊಡದ್ರು. ಆ ಟೇಬಲ್ ಮಾವಿನ ಕಟಿಗೀದು, ಒಳಗ ಹುಳ ಹತ್ತಿತ್ತು. ಆದ್ರ ಅದನ್ನ ಹೇಳೂ ವ್ಯಾಳ್ಯಾ ಅದಲ್ಲ ಅಂತ ಸುಮ್ಮ ಕುಂತೆ.

ಸುಮ್ಮ ಕುಂತೆ ಅಂತ ಬರದೇನಲ್ಲ, ಅದು ಸುಳ್ಳು. ಕುಂತಲ್ಲೆ ಕುಂಡ್ರೂ ಮನಿಷ್ಯಾ ನಾನಲ್ಲ. ಇಷ್ಟು ಬರಿಯೂದ್ರಾಗ ಮೂರ ಸಲ ಎದ್ದೇನಿ. ಒಂದು ಸಲ ನೀರು ಕುಡ್ಯಾಕ, ಇನ್ನೊಂದು ಸಲ ಕೊಡದ ಬಾಯಿ ಮುಚ್ಚಿದೆನೋ ಇಲ್ಲೋ ನೋಡಾಕ, ಮೂರನೇ ಸಲ ಯಾಕ ಎದ್ದೆ ಅನ್ನೂದು ನೆನಪಿಲ್ಲ. ನಮ್ಮವ್ವ ಅಂತಿದ್ಲು, ಸಣ್ಣವ ಇದ್ದಾಗ ಇವನ ಕಾಲಾಗ ಜಾಲಿಮುಳ್ಳು ಮುರದು ಒಳಗ ಉಳದೈತಿ, ಅದಕ್ಕ ಹಿಂಗ ಕುಣೀತಾನ ಅಂತ. ಖರೇನೂ ಇರಬಹುದು. ಗರಗದಾಗ ಹುಟ್ಟಿದವನ ಕಾಲಿಗೆ ಜಾಲಿಮುಳ್ಳು ಚುಚ್ಚಿಲ್ಲ ಅಂದ್ರ ಅಂವ ತೊಟ್ಟಿಲದಿಂದ ಕೆಳಗ ಇಳದಿಲ್ಲ ಅಂತ ತಿಳೀಬೇಕು.

ಸಾಗವಾನಿ, ಬೀಟಿ ಅಂತ ಮಂದಿ ದೊಡ್ಡ ದೊಡ್ಡ ಹೆಸರು ಹೇಳ್ತಾರ. ಇರಲಿ ಬಿಡ್ರಿ. ಅವು ಅಡವ್ಯಾಗ ಬೆಳದು, ಶ್ರೀಮಂತರ ಮನಿಗೆ ಬಂದು, ಮೈತುಂಬ ಎಣ್ಣಿ ಹಚ್ಚಿಸ್ಕೊಂಡು ಕುಂಡ್ರೂವು. ನಮ್ಮ ಎರಿಹೊಲದ ಮರ ಅಂದ್ರ ಕರಿಜಾಲಿ. ಅದನ್ನ ಯಾರೂ ಹಚ್ಚೂದಿಲ್ಲ, ಯಾರೂ ನೀರು ಹಾಕೂದಿಲ್ಲ. ಬದುವಿನ ಮ್ಯಾಲ ತಾನ ಹುಟ್ಟಿ ತಾನ ಬೆಳೀತೈತಿ. ಮುಂಜಾನೆ ಎದ್ದು ಅದರ ಕಡ್ಡಿ ಮುರದು ಹಲ್ಲು ತಿಕ್ಕೋತಿದ್ವಿ. ಬೊಡ್ಡಿಗೆ ಸೋರಿದ ಅಂಟು ಕಿತ್ತು ಬಾಯಾಗ ಒಗಕೋತಿದ್ವಿ, ಅದು ಹಲ್ಲಿಗೆ ಹತ್ತಿ ಮಧ್ಯಾನತನಕ ಬಿಡತಿರಲಿಲ್ಲ. ಕಾಯಿ ಆಡಿಗೆ, ತೊಗಟಿ ಚರ್ಮ ಹದ ಮಾಡವರಿಗೆ, ಮುಳ್ಳು ಬೇಲಿಗೆ. ಹಳದಿ ಹೂವು ಗುಂಡಗ ಗೊಂಡೇದಂಗ ಇರತಾವ, ನಮ್ಮ ಅಕ್ಕಗೋಳು ಅವನ್ನ ಕಿವ್ಯಾಗ ಸಿಗಿಸ್ಕೊಂಡು ದೊಡ್ಡ ಮನಿ ಸೊಸ್ತ್ಯಾರಂಗ ಅಡ್ಡಾಡತಿದ್ರು. ಇಷ್ಟೆಲ್ಲಾ ಇಸಗೊಂಡ ಮ್ಯಾಲ ಉಳಿಯೂ ಬೊಡ್ಡಿ ಬಡಿಗ್ಯಾರಿಗೆ. ಕೊಡ್ಲಿ ಕಾವು, ರಂಟಿ, ಕುಂಟಿ, ಒನಕಿ, ಚಕ್ಕಡಿ ಗಾಲಿ, ಎಲ್ಲಾ ಅದರಿಂದನ.

ಇಷ್ಟೆಲ್ಲಾ ನೋಡಿ ಬೆಳದ ನಾನು, ಆ ಕಟಿಗಿ ಒಳಗ ಏನಿರತೈತಿ ಅಂತ ಒಂದು ದಿನಾನೂ ಕೇಳಿದವನಲ್ಲ. ನಮ್ಮಪ್ಪ ನಾಕೆತ್ತಿನ ಕಮತದಾಂವ. ಆದ್ರೂ ನನ್ನ ಕೈಯಾಗ ಕುಡಗೋಲು ಕೊಡಲಿಲ್ಲ, ಪುಸ್ತಕ ಕೊಟ್ಟ. ಹುಡುಗ ಬಿಸಲಾಗ ಬಾಡ್ತಾನ ಅಂತ ಛತ್ರಿ ಕೊಟ್ಟ. ಹಾಲು ತುಪ್ಪಕ್ಕ ಕಡಿಮಿ ಮಾಡಲಿಲ್ಲ. ಹಿಂಗಾಗಿ ನಾನು ಹದಿನಾರಕ್ಕ ಆರಡಿ ಬೆಳದು, ಮುಲ್ಕಿ ಪರೀಕ್ಷಾ ಪಾಸು ಮಾಡಿ, ರಾಯಾಪುರದ ಕನ್ನಡ ಸಾಲಿಗೆ ಮಾಸ್ತರ ಆದೆ. ಬೋರ್ಡಿನ ಮ್ಯಾಲ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಅಂತ ಬರದು ಕಲಸೂದು ನನ್ನ ಉದ್ಯೋಗ. ಇದನ್ನ ಯಾಕ ಹೇಳಿದೆ ಅನ್ನೂದು ಮುಂದ ತಿಳೀತೈತಿ. ತಿಳದು ನೀವು ನಗ್ತೀರಿ, ನಗ್ರಿ.

ಮಾಸ್ತರ ಆಗೂಕ್ಕಿಂತ ಮೊದಲಿನ ಒಂದು ಸಂಗತಿ ಹೇಳಬೇಕು. ಅವು ಚಳವಳಿ ದಿವಸ. ಗರಗದಾಗ ಮನಿಮನಿಗೆ ಚರಕಾ. ಸಂತಿ ದಿನ ಯಾರಾದ್ರೂ ಒಬ್ರು ಚಕ್ಕಡಿ ಮ್ಯಾಲ ನಿಂತು ಭಾಷಣ ಮಾಡವ್ರು. ಭಾಷಣ ಅಂದ್ರ ಅದ್ರಾಗ ಕೆಚ್ಚು ಅನ್ನೂ ಮಾತು ಇರಾಕಬೇಕು. ತರುಣರಿಗೆ ಕೆಚ್ಚು ಬೇಕು, ಕೆಚ್ಚೆದಿ ಬೇಕು, ಕೆಚ್ಚಿಲ್ಲದವ ಗಂಡಸಲ್ಲ. ನಾನೂ ಎರಡು ಸಲ ಭಾಷಣ ಮಾಡೇನಿ. ಖಾದಿ ಅಂಗಿ, ಉದ್ದ ಆಳು, ದೊಡ್ಡ ದನಿ. ಕೆಚ್ಚು ಅನ್ನೂ ಮಾತು ಬಂದಾಗ ಮುಷ್ಟಿ ಬಿಗಿ ಹಿಡದು ಮ್ಯಾಲ ಎತ್ತತಿದ್ದೆ, ಮುದುಕರು ಸೈತ ಹೂಂ ಅಂತಿದ್ರು. ಮೂರನೇ ಸಲ ಭಾಷಣ ಅಲ್ಲ, ಧಾರವಾಡದಾಗ ಸೆರೆ ಅಂಗಡಿ ಮುಚ್ಚಸಾಕ ಅದರ ಮುಂದ ಹೋಗಿ ಕುಂಡ್ರಬೇಕಿತ್ತು. ಪೋಲೀಸರು ಬರಾಕತ್ತಾರ ಅಂತ ಯಾರೋ ಅಂದ್ರು. ಅಂದ ಕೂಡ್ಲೆ ನನಗ ಹೊಟ್ಟಿ ಕಡೀತು. ಖರೇನ ಕಡೀತೋ ಇಲ್ಲೋ, ಇವತ್ತಿಗೂ ಹೇಳಾಕ ಬರೂದಿಲ್ಲ. ಎದ್ದವನ ಒಂದು ಸಂದಿ ಹಿಡದು, ಅಲ್ಲಿಂದ ಹೊಲ ಹಿಡದು, ನಡಕೋತ ಗರಗಕ್ಕ ಬಂದೆ. ನನ್ನ ಕೂಡ ಕುಂತವರು ಜೇಲಿಗೆ ಹೋಗಿ ಬಂದ್ರು. ಬಂದ ಮ್ಯಾಲ ಒಬ್ರೂ ನನಗ ಏನೂ ಅನ್ನಲಿಲ್ಲ. ಅಂದಿದ್ರ ಚಲೋ ಇತ್ತು. ಯಾರರ ಇಬ್ಬರು ನಿಂತು ಮಾತಾಡಿದ್ರ ನನ್ನ ಮಾತ ಆಡಾಕತ್ತಾರ ಅಂತ ಅನಸೂದು ಆವಾಗಿಂದ ಸುರು ಆತು.

ಅದಾದ ಎರಡನೇ ವರ್ಷ ನನಗ ಕನ್ಯಾ ನೋಡಾಕ ಹತ್ತಿದ್ರು. ನಮ್ಮ ಚನ್ನಪ್ಪ ಕಾಕಾ, ಅಂದ್ರ ನಮ್ಮಪ್ಪನ ತಮ್ಮ, ಇಂಥಾ ಕೆಲಸದಾಗ ಭಾಳ ಹುರುಪಿನಾಂವ. ಬೆಂಗೇರಿಯೊಳಗ ಬಸಲಿಂಗಪ್ಪನವರು ಅಂತ ಅದಾರ, ಹತ್ತಿ ಹೇರೂ ಚಕ್ಕಡಿ ಆರು ಅದಾವ, ಮಗಳು ನೀಲವ್ವ ಅಂತ, ಹೋಗಿ ನೋಡಿ ಬರೂಣು ಅಂದ. ಹೋದ್ವಿ.

ಪಡಸಾಲ್ಯಾಗ ಕಂಬಳಿ ಹಾಸಿ ಕುಂಡ್ರಿಸಿದ್ರು. ನೀಲವ್ವ ಅವಲಕ್ಕಿ ತಂದಿಟ್ಲು, ನೀರಿನ ತಂಬಿಗಿ ತಂದಿಟ್ಲು. ಇಟ್ಟು ಕೈ ತಗ್ಯೂದ್ರಾಗ ನಾನು ಮೊಣಕಾಲು ಅಳ್ಳಾಡಸ್ಕೋತ ಕುಂತವ ತಂಬಿಗಿ ಕೆಡವಿದೆ. ನೀರು ಹರಕೊಂಡು ಹೋಗಿ ಕಾಕಾನ ಧೋತರ ತೊಯಿಸ್ತು. ಕಾಕಾ ತೊಯ್ಕೊಂಡ ಕುಂತಾನ, ಆದ್ರೂ ಹಿರೇತನ ಬಿಡವಲ್ಲ, ಏನೇನು ಕೆಲಸ ಬರತೈತೆವಾ ನಿನಗ, ಅಂತ ಕೇಳಿದ. ನೀಲವ್ವ ಕೆಳಗ ನೋಡ್ಕೋತ, ರೊಟ್ಟಿ ಬರತೈತ್ರಿ, ಹೊಲಿಯಾಕ ಬರತೈತ್ರಿ, ಅರಿವಿ ಒಣಗಸಾಕೂ ಬರತೈತ್ರಿ, ಅಂದ್ಲು. ಅಂದು ಒಂದು ಸಲ ಕಣ್ಣೆತ್ತಿ ನನ್ನ ನೋಡಿ ಸಣ್ಣಗ ನಕ್ಲು. ಅಷ್ಟ ನೋಡ್ರಿ. ನನ್ನ ಜೀವ ಆಕಿ ಕಡೆ ಹೋತು. ಲಗ್ನ ಅಂತ ಆದ್ರ ಈಕಿ ಕೂಡನ ಆಗಬೇಕು ಅಂತ ಅಲ್ಲೇ ಕಂಬಳಿ ಮ್ಯಾಲ ಕುಂತು ನಿಶ್ಚಯ ಮಾಡಿದೆ. ಇಷ್ಟು ಬೇಕು ಅಂತ ನನಗ ಅದಕ್ಕಿಂತ ಹಿಂದ ಯಾವುದೂ ಅನಿಸಿರಲಿಲ್ಲ, ಆಮ್ಯಾಲೂ ಅನಿಸಿಲ್ಲ.

ಅಷ್ಟರಾಗ ಹಿತ್ತಲದಿಂದ ಯಾರೋ ಕರದ್ರು ಅಂತ ಬಸಲಿಂಗಪ್ಪನವರು ಎದ್ದು ಹೋದ್ರು. ನನಗೂ ಕುಂಡ್ರಾಕ ಆಗವಲ್ದು. ಸಂತೋಷಕ್ಕ ಕಾಲು ನಿಲ್ಲವಲ್ವು. ಕೈ ತೊಳಕೊಂಡು ಬರ್ತೇನಿ ಅಂತ ಎದ್ದು ಬಚ್ಚಲದ ಕಡೆ ಹೋದೆ. ಬಚ್ಚಲಕ್ಕೂ ಹಿತ್ತಲಕ್ಕೂ ನಡುವ ಒಂದು ಮೋಟು ಗ್ವಾಡಿ. ನಾ ಬಗ್ಗಿ ಕೈ ತೊಳಕೊಳ್ಳೂವಾಗ ಆಚೆ ಕಡೆ ಇಬ್ಬರು ಮಾತಾಡತಿದ್ರು. ಒಂದು ದನಿ ಬಸಲಿಂಗಪ್ಪನವರದು. ಇನ್ನೊಂದು ವಯಸ್ಸಾದ ದನಿ, ಯಾರದೋ ಗೊತ್ತಿಲ್ಲ.

"ನೋಡಾಕ ಉದ್ದೈತ್ರಿ, ನೆಟ್ಟಗೂ ಐತಿ," ಅಂತು ಆ ವಯಸ್ಸಾದ ದನಿ. "ಛಲೋ ಉಂಡು ಲಗೂ ಬೆಳದೈತಿ. ಆದ್ರ ಒಳಗ ಕೆಚ್ಚಿಲ್ಲ. ಭಾರ ಬಿತ್ತಂದ್ರ ಕೈ ಕೊಡತೈತಿ."

"ಹಂಗಾರ ಬ್ಯಾಡ ಅಂತೀರೇನು?" ಅಂದ್ರು ಬಸಲಿಂಗಪ್ಪನವರು.

"ಬ್ಯಾಡ್ರಿ. ನಾಳೆ ನನ್ನ ಹೆಸರು ಕೆಡತೈತಿ."

"ಬಿಡ್ರಿ ಹಂಗಾರ. ಬ್ಯಾರೇದು ನೋಡೂಣು."

ನನ್ನ ಕೈಯಾಗಿನ ಚರಗಿ ಕೈಯಾಗ ಉಳೀತು. ಉದ್ದೈತಿ, ನೆಟ್ಟಗೈತಿ, ಛಲೋ ಉಂಡು ಬೆಳದೈತಿ, ಒಂದೊಂದು ಮಾತೂ ನನಗ ಹೊಂದತಿತ್ತು. ಕೆಚ್ಚಿಲ್ಲ ಅನ್ನೂದಂತೂ ಖರೇನ. ಧಾರವಾಡದ ಸಂಗತಿ ಬೆಂಗೇರಿಗೂ ಮುಟ್ಟೈತಿ, ಯಾರೋ ಹಿರಿಯರನ್ನ ಕರಿಸಿ ನನ್ನ ಬಗ್ಗೆ ವಿಚಾರಸಾಕತ್ತಾರ, ಅಂತ ತಿಳಕೊಂಡೆ. ಅದಕ್ಕಿಂತ ಹೆಚ್ಚು ಸಿಟ್ಟು ಯಾತಕ್ಕ ಬಂತು ಗೊತ್ತೇನ್ರಿ? ಅದಾನ ಅನ್ನಲಿಲ್ಲ, ಐತಿ ಅಂದ್ರು. ಸಾಲಿ ಮಾಸ್ತರ ನಾನು, ನನ್ನ ನಪುಂಸಕಲಿಂಗದಾಗ ಒಗದ್ರಲ್ಲ ಇವರು. ನಾಯಿಗೆ, ನರಿಗೆ ಅಂದಂಗ ಅಂದ್ರಲ್ಲ. ವ್ಯಾಕರಣ ಅಷ್ಟು ಸ್ಪಷ್ಟ ಕೂಗಿ ಹೇಳಾಕತ್ತಿತ್ತು, ಇದು ಮನಿಷ್ಯಾನ ಮಾತಲ್ಲೋ ಮಬ್ಬ ಅಂತ. ನಾ ಅದನ್ನ ಇನ್ನೊಂದು ಬೈಗುಳ ಅಂತ ಲೆಕ್ಕಕ್ಕ ಹಿಡದೆ.

ತಲಿ ಎತ್ತದ ಹೊರಗ ಬಂದು, ನಡಿ ಕಾಕಾ, ಸಾಲಿಗೆ ಹೊತ್ತಾತು, ಅಂದೆ. ಅವತ್ತು ಐತವಾರ. ಕಾಕಾ ನನ್ನ ಮಾರಿ ನೋಡಿ ಎದ್ದ. ಅರ್ಧ ತಿಂದ ಅವಲಕ್ಕಿ ಅಲ್ಲೇ ಉಳೀತು.

ನಮ್ಮ ಕಡೆ ರೀತಿ ಏನಂದ್ರ, ಕನ್ಯಾ ನೋಡಿ ಬಂದ ಮ್ಯಾಲ ಗಂಡಿನ ಕಡಿಂದ ಮಾತು ಹೋಗಬೇಕು. ಹೆಣ್ಣಿನವರು ತಾವಾಗಿ ಕೇಳೂದಿಲ್ಲ. ಕಾಕಾ ವಾರಕ್ಕೊಮ್ಮೆ ರಾಯಾಪುರಕ್ಕ ಬಂದು, ಏನಪಾ, ಹೂಂ ಅಂತೀಯೋ ಉಂಹೂಂ ಅಂತೀಯೋ, ಅಂತ ಕೇಳಾಂವ. ನಾ ನೋಡೂಣು ಅಂತಿದ್ದೆ. ಬ್ಯಾಡ ಅಂದವರ ಮನಿಗೆ ಹೂಂ ಅಂತ ಹೆಂಗ ಹೇಳಿ ಕಳಸೂದು? ಉಂಹೂಂ ಅನ್ನಾಕ ನಾಲಿಗಿ ಏಳವಲ್ದು, ಯಾಕಂದ್ರ ಆಕಿ ಬೇಕಾಗಿತ್ತು. ಯಾಕ ಅಂತ ಕಾಕಾಗ ಹೇಳಾಕ ನಾಚಿಕಿ. ಹೇಳಿದ್ರ ಧಾರವಾಡದ ಹೊಟ್ಟಿ ಕಡಿತದ ಕಥಿ ಹೇಳಬೇಕಾಗತಿತ್ತು.

ಆ ಮೊದಲ ಒಂದು ತಿಂಗಳ ನಾ ಪಟ್ಟ ಫಜೀತಿ ಏನ ಕೇಳ್ತೀರಿ. ಕೆಚ್ಚು ಬರಸ್ಕೋಬೇಕು ಅಂತ ಮುಂಜಾನೆ ತಣ್ಣೀರು ಹೊಯ್ಕೊಂಡೆ, ನೆಗಡಿ ಬಂತು. ಚಪ್ಪಲಿ ಬಿಟ್ಟು ಬಿಸಲಾಗ ಧಾರವಾಡತನಕ ನಡದೆ, ಕಾಲು ಬೊಬ್ಬಿ ಎದ್ದು ಮೋಟಾರದಾಗ ಹೊಳ್ಳಿ ಬಂದೆ. ಹಸಿ ಮೆಣಸಿನಕಾಯಿ ಕಡಕೊಂಡು ರೊಟ್ಟಿ ತಿಂದೆ, ಅದರ ಫಲ ಹೇಳೂದು ಬ್ಯಾಡ. ಸಾಲ್ಯಾಗ ಪಾಠ ಮಾಡ್ಕೋತ ಮಾಡ್ಕೋತ ಕಿಡಕಿಗೆ ಹೋಗಿ ಬೆಂಗೇರಿ ಕಡೆ ಹಾದಿ ನೋಡ್ಕೋತ ನಿಲ್ಲತಿದ್ದೆ. ಹೊಳ್ಳಿ ಬಂದು, ಜೀವ ಇಲ್ಲದ್ದಕ್ಕೆಲ್ಲಾ ಐತಿ ಅನಬೇಕು, ಕಲ್ಲು ಐತಿ, ಮಣ್ಣು ಐತಿ, ಕಟಿಗಿ ಐತಿ, ಅಂತ ನಾನ ಕಲಸತಿದ್ದೆ. ಬಾಯಿ ಹೇಳತಿತ್ತು, ಕಿವಿಗೆ ಕೇಳತಿರಲಿಲ್ಲ.

ಕಡೀಕ ಒಂದು ಐತವಾರ ತಡೀಲಾರದ ಹೊಂಟೆ. ಆ ವಯಸ್ಸಾದ ದನಿ ಯಾರದು ಅಂತ ವಿಚಾರಿಸಿದ್ದೆ. ಬೆಂಗೇರಿ ದಾಟಿ ಹುಬ್ಬಳ್ಳಿಗೆ ಹೋಗೂ ಹಾದಿಗೆ ಹುಸೇನಸಾಬ ಮಿಸ್ತ್ರಿ ಅಂತ, ಚಕ್ಕಡಿ ಗಾಲಿ ಮಾಡತಾರ, ಬಸಲಿಂಗಪ್ಪನವರಿಗೆ ಭಾಳ ಹಳೇ ಪರಿಚಯ, ಆ ದಿನ ಅವರ ಮನಿಗೆ ಬಂದವರು ಅವರ, ಅಂತ ತಿಳದಿತ್ತು. ಹೋಗಿ ಜಗಳ ತಗೀಬೇಕು ಅಂತ ಹಾದಿತುಂಬ ಮಾತು ಜೋಡಿಸ್ಕೋತ ಹೋದೆ. ನನ್ನ ಬಗ್ಗೆ ಮಾತಾಡಾಕ ನೀವ್ಯಾರು ಅನ್ನೂದು ಮೊದಲನೇ ಮಾತು.

ಶೆಡ್ಡಿನಾಗ ಹೋಗಿ ನಿಂತೆ. ಬಿಳಿ ದಾಡಿ ಮುದುಕರು ಗರಗಸ ಹಿಡದು ಒಂದು ದಿಮ್ಮಿ ಮುಂದ ಕುಂತಿದ್ರು. ತಲಿ ಎತ್ತದನ, ಬಂದ್ರ್ಯಾ, ಆ ತುದಿ ಹಿಡೀರಿ, ಅಂದ್ರು. ಯಾರೋ ಬರೂದಿತ್ತಂತ, ಅಂವ ಬಂದಾನ ಅಂತ ತಿಳಕೊಂಡಿದ್ರು. ನಾ ಹಿಡದೆ. ದಿಮ್ಮಿ ಕೊಯ್ಯೂದು ಮುಗಿಯೂತನಕ ಹಿಡಕೊಂಡ ನಿಂತೆ. ಕೊಯ್ದಾದ ಮ್ಯಾಲ ನನ್ನ ನೋಡಿ, ಅರೆ, ನೀವ್ಯಾರ್ರಿ, ಅಂದ್ರು. ಜಗಳದ ಮಾತು ಮರತು ಹೋತು. ರಾಯಾಪುರದ ಮಾಸ್ತರ್ರಿ, ಗಾಲಿ ಹೆಂಗ ಮಾಡತಾರ ನೋಡಾಕ ಬಂದೇನಿ, ಅಂದೆ.

ಆ ಸುಳ್ಳಿನಿಂದ ನಾಕು ಐತವಾರ ಆ ಶೆಡ್ಡಿಗೆ ಹೋಗೂದು ಬಂತು. ಪ್ರತಿ ಸಲ ಇವತ್ತು ಕೇಳ್ತೇನಿ ಅಂತ ಹೋಗತಿದ್ದೆ, ಕೇಳಲಾರದ ಬರತಿದ್ದೆ. ಕೇಳೂದು ಬಿಟ್ಟು ಉಳದದ್ದೆಲ್ಲಾ ಕಲ್ತೆ. ಜಾಲಿ ಕಟಿಗಿಗೆ ಉಳಿ ಹಚ್ಚಿದ್ರ ಉಳಿ ಬಾಯಿ ಹೋಗತೈತಿ, ದಿನಕ್ಕ ನಾಕು ಸಲ ಮಸೀಬೇಕು. ಸಾಗವಾನಿ ಹೇಳಿದ್ಹಾಂಗ ಕೇಳತೈತಿ, ಆದ್ರ ಹೊಡತ ತಾಳೂದಿಲ್ಲ, ಸೀಳತೈತಿ. ಜಾಲಿ ಸಿಟ್ಟಿನ ಕಟಿಗಿ, ಕೆತ್ತಾಕ ಕೊಡೂದಿಲ್ಲ, ಒಮ್ಮೆ ಗಾಲಿಯಾಗಿ ಕುಂತಿತಂದ್ರ ಕಲ್ಲಿನ ಹಾದಿಯೊಳಗ ಎಷ್ಟು ಜಿಗದ್ರೂ ಬಾಯಿ ಬಿಡೂದಿಲ್ಲ. ಗಾಲಿ ನಡುವಿನ ದಪ್ಪ ಗುಂಬಕ್ಕ, ಅದರೊಳಗ ಸಿಗಸೂ ಅರಕ್ಕ ಅದನ ಬೇಕು. ಅರ ಬಡಿಯೂವಾಗ ಮಿಸ್ತ್ರಿ ಒಂದೊಂದಕ್ಕೂ ಕಿವಿಗೊಟ್ಟು ಸಪ್ಪಳ ಕೇಳೂರು. ಬೆರಳಗೆಣ್ಣಿನಿಂದ ಬಡದು, ಇದು ಕೂಡೇತಿ, ಇದು ಕೂಡಿಲ್ಲ, ಅಂತ ನನಗೂ ಕೇಳಸೂರು. ಹತ್ತು ವರ್ಷದ ಮ್ಯಾಲ ಯುದ್ಧ ಬಂದಾಗ ದಂಡಿನವರ ಡೇರೆಗೆ ಗೂಟ ಬೇಕು ಅಂತ ಊರೂರಿನ ಜಾಲಿ ಕಡದು ಒಯ್ದ್ರು. ಎಂಥಾ ಕಲ್ಲು ನೆಲಕ್ಕ ಬಡದ್ರೂ ಜಾಲಿ ಗೂಟದ ತಲಿ ಒಡ್ಯೂದಿಲ್ಲಂತ. ಎರಿಹೊಲದ ಮುಳ್ಳುಮರದ ಗೂಟ ಯಾವ್ಯಾವ ದೇಶ ನೋಡಿ ಬಂದ್ವೋ ಯಾರಿಗೆ ಗೊತ್ತು. ನಾ ಮಾತ್ರ ಪುಣೆದ ಆಚೆ ಹೋಗಿಲ್ಲ.

ಇರಲಿ. ಶೆಡ್ಡಿನ ಹಿಂದ ಒಂದು ಹೊಂಡ ಇತ್ತು, ಅದರ ಕೆಸರಿನಾಗ ದಿಮ್ಮಿ ಮುಳುಗಿಸಿ ಇಟ್ಟಿದ್ರು. ಕಡದ ಕಟಿಗಿ ಒಂದು ವರ್ಷ ನೀರಾಗ ಇರಬೇಕು, ಆಮ್ಯಾಲ ನೆರಳಾಗ ಆರಬೇಕು, ಆವಾಗ ಹುಳ ಹತ್ತೂದಿಲ್ಲ, ಸೀಳೂದಿಲ್ಲ. ಒಂದು ವರ್ಷಾ ಅಂತ ನಾ ಬಾಯಿ ತಗದೆ. ಮಿಸ್ತ್ರಿ ನನ್ನ ಕಡೆ ನೋಡಿದ್ರು. ಅಷ್ಟೊತ್ತಿನೊಳಗ ನಾನು ಅವರ ಬಾಚಿ ಎತ್ತಿ ಇಟ್ಟು, ಕೊಡತಿ ಎತ್ತಿ ಇಟ್ಟು, ಎರಡು ಸಲ ಬಾಗಲಕ್ಕ ಹೋಗಿ ಬಂದಿದ್ದೆ. ಮಾಸ್ತರ, ನಿಮ್ಮನ್ನೂ ಒಂದು ವರ್ಷ ಹೊಂಡದಾಗ ಹಾಕಬೇಕು ನೋಡ್ರಿ, ಅಂದ್ರು. ಇಬ್ಬರೂ ನಕ್ಕೆವು. ಅವರ ಮ್ಯಾಲಿನ ಸಿಟ್ಟು ನನಗ ಇಳದು ಹೋಗಿತ್ತು. ಅದಕ್ಕ ಕೇಳೂದು ಇನ್ನಷ್ಟು ಕಷ್ಟ ಆತು.

ನಾಕನೇ ಐತವಾರ ಮಿಸ್ತ್ರಿ ಒಂದು ದಿಮ್ಮಿ ತುದಿ ಅಡ್ಡ ಕೊಯ್ದು ಭಾಕ್ರಿಯಂಥ ಒಂದು ಬಿಲ್ಲಿ ನನ್ನ ಕೈಯಾಗ ಕೊಟ್ರು. ಸುತ್ತ ಬೆಳ್ಳಗ ಒಂದು ಸುತ್ತು, ನಡುವ ಕೆಂಪುಗಪ್ಪು. ಬಿಳೀದಕ್ಕ ಉಗುರು ಊರತಿತ್ತು. ನಡುವ ಉಗುರು ಹೋಗಲಿ, ಉಳಿನೂ ಜಾರತಿತ್ತು.

"ಈ ಕೆಂಪಂದು ಕಾಣತೈತಲ್ರಿ, ಇದಕ್ಕ ನಾವು ಕೆಚ್ಚು ಅಂತೇವಿ," ಅಂದ್ರು ಮಿಸ್ತ್ರಿ.

ಏನಂತೀರಿ ಅಂದೆ. ಕೆಚ್ಚು ಅಂತೇವಿ, ಮರದ ಜೀವ ಇರೂದು ಇದ್ರಾಗ, ಸುತ್ತಿನ ಬಿಳೀದು ಸುಡಾಕಷ್ಟ, ಅಂದ್ರು. ನಾ ಬಿಲ್ಲಿ ಕೆಳಗ ಇಟ್ಟೆ. ಮಿಸ್ತ್ರಿ, ಎರಡು ತಿಂಗಳ ಹಿಂದ ನೀವು ಬಸಲಿಂಗಪ್ಪನವರ ಹಿತ್ತಲಕ್ಕ ಹೋಗಿದ್ರೇನು, ಅಂತ ಕೇಳಿದೆ. ಹೋಗಿದ್ದೆನಲ್ರಿ, ಅಂದ್ರು. ಅವರ ಬಾವಿ ಬದಿಯ ಜಾಲಿ ಕಡಸಿದ್ರು, ಗಾಲಿಗೆ ಆಗತೈತೇನು ಅಂತ ತೋರಸಾಕ ಕರದಿದ್ರು. ಉದ್ದಿತ್ತು, ನೆಟ್ಟಗಿತ್ತು. ಬಾವಿ ನೀರು ಉಂಡು ಲಗೂ ಬೆಳದ ಮರ, ಒಳಗ ಕೆಚ್ಚು ಕಟ್ಟಿರಲಿಲ್ಲ, ಬ್ಯಾಡ ಅಂದೆ. ಯಾಕ್ರಿ ಮಾಸ್ತರ, ನಿಮಗ್ಯಾರು ಹೇಳಿದ್ರು?

ನನಗ ಮೊದಲ ನಗು ಬಂತು. ಮಿಸ್ತ್ರಿ ಕೈ ಹಿಡಕೊಂಡು ನಕ್ಕೆ, ಕಣ್ಣಾಗ ನೀರು ಬಂದ್ವು. ಅವರು ಇವನಿಗೆ ಬಿಸಲು ಹತ್ತೇತಿ ಅಂತ ತಿಳಕೊಂಡು ನೀರು ಕೊಡಾಕ ಬಂದ್ರು. ನಾ ಅಷ್ಟರಾಗ ಹಾದಿ ಹಿಡದಿದ್ದೆ. ಓಡಿದೆ ಅಂದ್ರ ಖರೇನ ಓಡಿದೆ, ಧೋತರ ಎತ್ತಿ ಹಿಡದು, ಸಾಲಿ ಮಾಸ್ತರ ಅನ್ನೂದು ಮರತು. ಬೆಂಗೇರಿ ದನಗೋಳು ಸೈತ ಬಾಜೂ ಸರದು ಹಾದಿ ಕೊಟ್ವು. ಇವತ್ತ ಕಾಕಾನ ಕಳಸೂದು ಬ್ಯಾಡ, ಏನೂ ಬ್ಯಾಡ, ನಾನ ಹೋಗಿ ಹೂಂ ಅಂತೇನಿ ಅಂತ ಒಂದ ಮಾತು ತಲ್ಯಾಗ.

ಬಸಲಿಂಗಪ್ಪನವರು ಕಟ್ಟಿ ಮ್ಯಾಲ ಕುಂತಿದ್ರು. ಬರ್ರಿ ಮಾಸ್ತರ, ಅಂದು ಒಳಗ ಕರಕೊಂಡು ಹೋದ್ರು. ನಾ ಬಾಯಿ ತಗಿಯೂದ್ರಾಗ ಅವರ ಒಂದು ಬಟ್ಟಲಾಗಿಂದ ಸಕ್ರಿ ತಗದು ನನ್ನ ಅಂಗೈಯಾಗ ಹಾಕಿದ್ರು. ನೀಲವ್ವಂದು ಲಗ್ನ ಗಟ್ಟಿ ಆತ್ರಿ, ಸೋಮವಾರ ಸಕ್ರಿ ಹಂಚಿದ್ವಿ, ನವಲಗುಂದದ ಕಡ್ಯಾಂವ, ಛಲೋ ಮನಿತನ, ಅಂದ್ರು.

ಸಕ್ರಿ ಹಿಡಕೊಂಡು ನಾ ಎಲ್ಲಾ ಹೇಳಿದೆ. ಬಚ್ಚಲು, ಮೋಟು ಗ್ವಾಡಿ, ಉದ್ದೈತಿ, ನೆಟ್ಟಗೈತಿ, ಕೆಚ್ಚಿಲ್ಲ, ಒಂದೂ ಬಿಡದ ಹೇಳಿದೆ. ಬಸಲಿಂಗಪ್ಪನವರು ಹೊಟ್ಟಿ ಹಿಡಕೊಂಡು ನಕ್ರು. ನಗತನಗತ ನನ್ನ ಮಾರಿ ನೋಡಿದ್ರು, ನಗೂದು ನಿಲ್ಲಿಸಿದ್ರು. "ಹೆಣ್ಣು ಹಡದವ ತಾನಾಗಿ ಕೇಳಬಾರದು ಮಾಸ್ತರ. ಆದ್ರೂ ನಾ ಎರಡ ಸಲ ನಿಮ್ಮ ಕಾಕಾನ ಹಂತ್ಯಾಕ ಮಂದಿ ಕಳಿಸಿದೆ. ಹುಡುಗ ಬಾಯಿ ಬಿಡವಲ್ಲ ಅಂದ್ರು. ಇನ್ನ ನಾ ಏನ ಮಾಡ್ಲಿ ಹೇಳ್ರಿ?" ಅಂದ್ರು. ಅಷ್ಟರಾಗ ಹತ್ತಿ ಚಕ್ಕಡಿ ಬಂದ್ವು ಅಂತ ಹೊರಗಿಂದ ಕರದ್ರು. ಕುಂತಿರ್ರಿ, ಬಂದೆ, ಅಂದು ಹೋದ್ರು.

ನಾ ಹೊರಡಾಕ ಎದ್ದೆ. ನಡುಮನಿ ಬಾಗಲದಾಗ ನೀಲವ್ವ ನಿಂತಿದ್ಲು. ಎಲ್ಲಾ ಕೇಳಿಸ್ಕೊಂಡಿದ್ಲು ಅಂತ ಕಾಣತೈತಿ. ಈ ಸಲ ನಗು ಇರಲಿಲ್ಲ.

"ನೀವು ಅವತ್ತ ಗ್ವಾಡಿ ಹಂತ್ಯಾಕ ನಿಂತು ಕೇಳಿಸ್ಕೊಂಡದ್ದು ನಾ ನೋಡೀನಿ," ಅಂದ್ಲು. "ನಿಮ್ಮ ಮಾರಿ ನೋಡಿದ ಕೂಡ್ಲೆ ತಿಳೀತು, ಕಟಿಗಿಗೆ ಅಂದದ್ದನ್ನ ಇವರು ತಮಗ ಅಂತ ತಿಳಕೊಂಡಾರ ಅಂತ."

"ಹಂಗಾರ ಹೇಳಬಾರದಿತ್ತೇನು?" ಅಂದೆ.

"ನಾ ಹೆಂಗ ಹೇಳ್ಲಿ? ನೋಡಾಕ ಬಂದವರ ಕೂಡ ಹೆಣ್ಮಕ್ಕಳು ತಾವಾಗಿ ಮಾತಾಡ್ತಾರೇನು? ಯಾರಿಗಂದ್ರಿ ಅಂತ ನಮ್ಮಪ್ಪಗ ಒಂದ ಮಾತು ಕೇಳ್ತೀರಿ ಅಂತ ಕಾದೆ. ನಿಮ್ಮ ಚಕ್ಕಡಿ ಓಣಿ ತಿರಗೂತನಕ ಕಾದೆ. ಆಮ್ಯಾಲ ಎರಡ ತಿಂಗಳ ಕಾದೆ."

ಹೇಳಿದ್ದಾದ ಮ್ಯಾಲೂ ಆಕಿ ಒಳಗ ಹೋಗಲಿಲ್ಲ. ಬಾಗಲಕ್ಕ ಕೈ ಹಚ್ಚಿ ನನ್ನ ಮಾರಿ ನೋಡ್ಕೋತ ನಿಂತ್ಲು. ಸಕ್ರಿ ಹಂಚಿದ ಮಾತು ಮುರದದ್ದು ನಮ್ಮ ಕಡೆ ಇಲ್ಲದ್ದೇನಲ್ಲ. ಬಸಲಿಂಗಪ್ಪನವರು ಹತ್ತು ಹೆಜ್ಜಿ ದೂರದಾಗ ಅಂಗಳದಾಗ ಇದ್ರು. ಹೊರಗ ಹೋಗಿ, ನನಗ ಕೊಡ್ರಿ, ಅಂತ ಒಂದ ಮಾತು ಕೇಳಬೇಕಾಗಿತ್ತು. ಆಕಿ ಕಾಯಾಕತ್ತಾಳ ಅಂತ ನನಗ ಗೊತ್ತಿತ್ತು. ಈ ಸಲ ತಪ್ಪು ತಿಳಕೊಳ್ಳಾಕ ಏನೂ ಇರಲಿಲ್ಲ. ಅಂಗೈಯಾಗ ಸಕ್ರಿ ಬೆವರಿಗೆ ಕರಗಿ ಅಂಟ ಅಂಟ ಆಗಿತ್ತು. ನವಲಗುಂದದವರು ಏನಂದಾರು, ಕಾಕಾ ಏನಂದಾನು, ಊರಾಗ ಮಂದಿ ಏನಂದಾರು, ಅಂತ ನಿಂತಲ್ಲೇ ವಿಚಾರ ಮಾಡಿದೆ.

ಹೋಗಿ ಬರ್ತೇನಿ, ಅಂದೆ. ಮತ್ತ ಆ ಮನಿಗೆ ಹೋಗಲಿಲ್ಲ.